ಗೇಟು ಮುಚ್ಚೋ ಹೊತ್ತಿಗೆ

ವಿಮಾನ ಮೇಲೇರಿದ ಮೇಲೆ ಜನ ಬೆಲ್ಟು ಕಟ್ಟಿಕೊಂಡು ಎಷ್ಟು ಸಾಧುಗಳ ಥರ ಕೂತಿರುತ್ತಾರೋ, ಏರೋದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಅಷ್ಟಕ್ಕೂ ಬಡ್ಡಿ ಸೇರಿಸಿ ಗಲಾಟೆ ಮಾಡಿರುತ್ತಾರೆ. ಆ ಒಂದು ಗಂಟೆ ನನ್ನ ಪಾಲಿನದು. ಹನ್ನೊಂದು ವರ್ಷದಿಂದ ಕೋಲ್ಕತ್ತಾ ವಿಮಾನ ನಿಲ್ದಾಣದಲ್ಲಿ ಒಂದು ಏರ್‌ಲೈನಿನ ಬೋರ್ಡಿಂಗ್ ಗೇಟಿನಲ್ಲಿ ನಿಂತಿದ್ದೇನೆ. ಇವತ್ತು ಏನೂ ಆಗಲಿಲ್ಲಪ್ಪಾ ಅಂತ ಮನೆಗೆ ಹೋದ ದಿನ ಒಂದೂ ಇಲ್ಲ.

ಕೆಲಸ ಹೇಳೋದಕ್ಕೇನೋ ಸುಲಭ. ಬೋರ್ಡಿಂಗ್ ಪಾಸ್ ನೋಡು, ಮುಖ ನೋಡು, ಕೈಚೀಲ ನೋಡು, ಒಳಗೆ ಬಿಡು. ವಿಮಾನ ಹೊರಡೋದಕ್ಕೆ ಇಪ್ಪತ್ತೈದು ನಿಮಿಷ ಮುಂಚೆ ಗೇಟು ಮುಚ್ಚು. ಅಷ್ಟೇ. ಆದರೆ ನೂರ ಎಂಬತ್ತು ಜನ ಒಂದೇ ಬಾಗಿಲಲ್ಲಿ ಹೋಗಬೇಕು, ಗಡಿಯಾರ ನಿಲ್ಲೋದಿಲ್ಲ, ನನ್ನ ಕಾಲೂ ನಿಲ್ಲೋದಿಲ್ಲ. ಗೇಟಿನಲ್ಲಿ ನನ್ನ ಜೊತೆಗಾರ ಐವತ್ತೈದರ ಒಬ್ಬ ಬಂಗಾಳಿ, ಎಲ್ಲರೂ ಅವರನ್ನ ದಾದಾ ಅಂತಾರೆ. ಮನುಷ್ಯ ಅವಸರ ಅನ್ನೋದನ್ನೇ ಕಂಡವರಲ್ಲ. ನಾನು ನಿಮಿಷಕ್ಕೆರಡು ಸಲ ಗಡಿಯಾರ ನೋಡಿದರೆ ಅವರು ದಿನಕ್ಕೆರಡು ಸಲ ನೋಡುತ್ತಾರೆ: ಒಂದು ಚಹಾಕ್ಕೆ, ಇನ್ನೊಂದು ಮನೆಗೆ.

ಈ ಬೇಸಿಗೆಯಲ್ಲಿ ಹೊಸ ಮ್ಯಾನೇಜರ್ ಬಂದರು. ಬಂದ ಮೂರನೇ ದಿನವೇ ನನ್ನನ್ನು ಕರೆಸಿದರು. "ಈ ವರ್ಷ ನಿಮ್ಮ ಗೇಟಿನಿಂದ ಮೂರು ವಿಮಾನ ತಡವಾಗಿ ಹೋಗಿವೆ. ಈ ತಿಂಗಳು ಇನ್ನೊಂದೇ ಒಂದು ತಡವಾದರೆ ನಿಮ್ಮನ್ನ ಕೆಳಗೆ, ಕಳೆದುಹೋದ ಲಗೇಜಿನ ಕೌಂಟರಿಗೆ ಹಾಕ್ತೀನಿ" ಅಂದರು. ಆ ಕೌಂಟರಿಗೆ ಕಿಟಕಿ ಇಲ್ಲ. ಅಲ್ಲಿಗೆ ಬರುವವರೆಲ್ಲ ದಾರಿಯಲ್ಲೇ ಜಗಳ ಶುರುಮಾಡಿಕೊಂಡು ಬರುತ್ತಾರೆ. ಗೇಟಿನಲ್ಲಾದರೆ ಅರ್ಧ ಜನ ನಗ್ತಾ ಬರುತ್ತಾರೆ, ಯಾರೋ ಮಗುವಿನ ಕೈಯಲ್ಲಿ ಟಾಟಾ ಮಾಡಿಸುತ್ತಾರೆ, ಗೇಟು ಮುಚ್ಚಿದ ಮೇಲೆ ವಿಮಾನ ಹಿಂದಕ್ಕೆ ಸರಿಯೋದನ್ನ ನಾನು ಗಾಜಿನಿಂದ ನೋಡ್ತೀನಿ. ಅದನ್ನ ಹನ್ನೊಂದು ವರ್ಷ ನೋಡಿದರೂ ನನಗೆ ಬೇಜಾರಾಗಿಲ್ಲ. ಗೇಟು ಬಿಡೋ ಮನಸ್ಸು ನನಗೆ ಒಂಚೂರೂ ಇರಲಿಲ್ಲ.

ಅದಕ್ಕೇ ಸರಿಯಾಗಿ, ಆ ತಿಂಗಳೇ ನನ್ನ ಗೇಟಿಗೆ ಯಾರ್ಯಾರು ಬಂದರು ಕೇಳಿ.

೧. ವಾರಸುದಾರರಿಲ್ಲದ ಸಾಲು

ಒಂದು ಬೆಳಿಗ್ಗೆ ಗೇಟಿಗೆ ಬರ್ತೀನಿ, ಸಾಲು ರೆಡಿ ಇದೆ. ಆದರೆ ಸಾಲಿನಲ್ಲಿ ಒಬ್ಬ ಮನುಷ್ಯ ಇಲ್ಲ. ಬರೀ ಚೀಲಗಳು. ಒಂದರ ಹಿಂದೆ ಒಂದು, ಹದಿನೇಳು. ಮಧ್ಯೆ ಒಂದು ಕೊಡೆ, ಒಂದು ನೀರಿನ ಬಾಟಲಿ, ಎಲ್ಲಕ್ಕಿಂತ ಮುಂದೆ ಒಂದು ನೀಲಿ ಹವಾಯಿ ಚಪ್ಪಲಿ. ಒಂಟಿ ಚಪ್ಪಲಿ.

ಈ ಊರಿನ ಹಳೇ ಪದ್ಧತಿ ಇದು. ನೀರಿನ ನಲ್ಲಿಯ ಮುಂದೆ, ರೇಷನ್ ಅಂಗಡಿಯ ಮುಂದೆ ಒಂದು ಇಟ್ಟಿಗೆ ಇಟ್ಟು ಹೋದರೆ ಆ ಇಟ್ಟಿಗೆಯೇ ನೀವು. ಯಾರೂ ಅದನ್ನು ಸರಿಸುವಂತಿಲ್ಲ. ವಿಮಾನ ನಿಲ್ದಾಣಕ್ಕೆ ಇಟ್ಟಿಗೆ ತರೋಕಾಗೋದಿಲ್ಲವಲ್ಲ, ಚೀಲ ಇಟ್ಟಿದ್ದಾರೆ. ಆದರೆ ಇಲ್ಲಿ ವಾರಸುದಾರರಿಲ್ಲದ ಒಂದು ಚೀಲ ಕಂಡರೆ ಭದ್ರತೆಯವರಿಗೆ ಜೀವ ಬಾಯಿಗೆ ಬರುತ್ತದೆ. ಹದಿನೇಳು ಕಂಡರೆ? ಸೀಟಿ ಊದಿದರು, ಹಗ್ಗ ಕಟ್ಟಿದರು, ನಾಯಿ ಬಂತು. ನಾಯಿ ಎಲ್ಲ ಬಿಟ್ಟು ಆರನೇ ಚೀಲದ ಮುಂದೆ ಕೂತು ಬಾಲ ಆಡಿಸಿತು, ಅದರಲ್ಲಿ ಕಟ್ಲೆಟ್ ಇತ್ತಂತೆ.

ನಾನು ಮೈಕಿನಲ್ಲಿ ಕೂಗಿದೆ. "ಇವು ಯಾರ ಚೀಲ, ಈಗಿಂದೀಗಲೇ ಬನ್ನಿ!" ಹತ್ತೊಂಬತ್ತು ಜನ ಚಹಾದ ಕಪ್ಪು ಹಿಡಿದುಕೊಂಡೇ ಓಡಿ ಬಂದರು. ಬಂದವರು ಚೀಲ ಎತ್ತಿಕೊಳ್ಳಲಿಲ್ಲ, ಚೀಲದ ಪಕ್ಕ ನಿಂತರು. "ಎತ್ತಿದರೆ ನಂಬರ್ ಹೋಗುತ್ತೆ ದೀದಿ" ಅಂದರು. ಅವರನ್ನು ಒಪ್ಪಿಸುವಷ್ಟರಲ್ಲಿ ಎಂಟು ನಿಮಿಷ ಹೋಯಿತು.

ಚಪ್ಪಲಿಗೆ ಮಾತ್ರ ಯಾರೂ ಬರಲಿಲ್ಲ. ಕಡೆಗೆ ದೂರದಿಂದ ಒಬ್ಬ ಅಜ್ಜಿ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದಳು. ಎರಡೂ ಕಾಲು ಬರಿಗಾಲು. "ನನ್ನದೇ ಮಾ, ನಾನು ಒಂದನೇ ನಂಬರ್" ಅಂದಳು.

"ಅಲ್ಲಾ ಅಜ್ಜೀ, ಇನ್ನೊಂದು ಚಪ್ಪಲಿ ಎಲ್ಲಿ?" ಅಂದೆ.

ಅಜ್ಜಿ ನನ್ನನ್ನು ದಡ್ಡಿ ಅನ್ನೋ ಹಾಗೆ ನೋಡಿದಳು. "ನೀವು ಕಡೇ ಗಳಿಗೆಯಲ್ಲಿ ಗೇಟು ಬದಲಾಯಿಸ್ತೀರಿ. ಅದಕ್ಕೇ ಇನ್ನೊಂದನ್ನ ಪಕ್ಕದ ಗೇಟಿನಲ್ಲಿ ಇಟ್ಟಿದ್ದೇನೆ."

೨. ಅಳಿಯನಿಗೊಂದು ಸರ್ಟಿಫಿಕೇಟು

ಬಂಗಾಳಿಗಳಲ್ಲಿ ಬೇಸಿಗೆಗೆ ಜಮಾಯಿ ಷಷ್ಠಿ ಅಂತ ಒಂದು ಹಬ್ಬ. ಅಳಿಯನನ್ನು ಮನೆಗೆ ಕರೆದು ಅವನು ಇನ್ನು ಸಾಕು ಅಂದರೂ ಬಿಡದೆ ತಿನ್ನಿಸುವುದು. ಈಗೀಗ ಅಳಿಯಂದಿರಿಗೆ ರಜೆ ಸಿಗೋದಿಲ್ಲ, ಹಾಗಾಗಿ ಮಾವಂದಿರೇ ಸಿಹಿ ಹೊತ್ತುಕೊಂಡು ಹೋಗುತ್ತಾರೆ. ಅಂಥ ಒಬ್ಬ ಮಾವ ಬಂದರು. ಹೆಗಲಲ್ಲಿ ಕೈಚೀಲ, ಜೊತೆಗೆ ಮೂರು ಡಬ್ಬ ಸಂದೇಶ್ ಮಿಠಾಯಿ, ಎರಡು ಮಣ್ಣಿನ ಮಡಕೆ ತುಂಬ ರಸಗುಲ್ಲ.

"ಒಬ್ಬರಿಗೆ ಒಂದೇ ಕೈಚೀಲ ಸರ್. ಮಿಕ್ಕಿದ್ದು ಲಗೇಜಿನ ಜೊತೆ ಕೆಳಗೆ ಹೋಗಬೇಕು" ಅಂದೆ.

"ಇದು ಲಗೇಜಲ್ಲ ದೀದಿ. ಇದು ಕರ್ತವ್ಯ."

"ಕರ್ತವ್ಯಾನೂ ಕೆಳಗೇ ಹೋಗಬೇಕು."

"ರಸಗುಲ್ಲವನ್ನ ಸೂಟ್‌ಕೇಸುಗಳ ಮಧ್ಯೆ ಎಸೀತೀರಾ? ಎದೆಯಲ್ಲಿ ಏನು ಕಲ್ಲಿಟ್ಟುಕೊಂಡಿದ್ದೀರಾ?"

ಹಿಂದಿನ ಸಾಲೆಲ್ಲ ಅವರ ಪರ. ನಾನು ಗಡಿಯಾರ ನೋಡ್ತಿದ್ದೀನಿ, ಹದಿನಾಲ್ಕು ನಿಮಿಷ ಉಳಿದಿದೆ. ದಾದಾ ಮಡಕೆಗಳನ್ನ ಬಗ್ಗಿ ನೋಡಿ, ಯಾವ ಅಂಗಡಿಯದು ಅಂತ ವಿಚಾರಿಸ್ತಿದ್ದಾರೆ. ಆ ಮಾವನಿಗೆ ಏನನ್ನಿಸಿತೋ, ಇದ್ದಕ್ಕಿದ್ದಂತೆ ರೋಷ ಬಂತು. "ಕಲ್ಲು ಹೊಡೆದ ಹಾಗೆ ಎಸೆಯೋದಕ್ಕಿಂತ ಮನುಷ್ಯರು ತಿನ್ನಲಿ!" ಅಂತ ಡಬ್ಬ, ಮಡಕೆ ಎಲ್ಲದರ ಬಾಯಿ ಬಿಚ್ಚಿ ಹಂಚೋಕೆ ಶುರುಮಾಡಿಬಿಟ್ಟರು. ಬೇಡ ಅಂದವರು ಯಾರು? ಸಾಲಿನಲ್ಲಿ ನಿಂತವರು ತಿಂದರು, ಗಾಲಿಕುರ್ಚಿಯಲ್ಲಿದ್ದ ಅಜ್ಜ ಎರಡು ತಿಂದರು, ದಾದಾ ಮೂರು ತಿಂದರು. ನನ್ನ ಬಾಯಿಗೂ ಒಂದು ಬಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು.

ಆಮೇಲೆ ನೋಡಿ ಮಜಾ. ಪಾಕದ ಕೈಯಲ್ಲಿ ಹಿಡಿದ ಬೋರ್ಡಿಂಗ್ ಪಾಸು ಒಂದನ್ನೂ ಯಂತ್ರ ಓದಲಿಲ್ಲ. ಅದರ ಗಾಜಿನ ಮೇಲೆಲ್ಲ ಪಾಕ. ಒಂದೊಂದು ಹೆಸರೂ ಕೀಬೋರ್ಡಿನಲ್ಲಿ ಬಡಿದು, ದಾದಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ, ಗೇಟು ಮುಚ್ಚಲು ಒಂದೇ ಒಂದು ನಿಮಿಷ ಉಳಿಯಿತು. ಕಡೆಗೆ ಉಳಿದವರು ಆ ಮಾವ. ಈಗ ಅವರ ಮುಖ ಬಾಡಿತ್ತು.

"ಬರಿಗೈಯಲ್ಲಿ ಹೋದರೆ ಅಳಿಯ ನಂಬ್ತಾನಾ? ನಿಮ್ಮ ಕಾಗದದ ಮೇಲೆ ಬರೆದು ಕೊಡಿ."

ವಾದ ಮಾಡಲು ಹೊತ್ತಿರಲಿಲ್ಲ. ಬರೆದೆ: ಶ್ರೀಯುತರು ಐದು ಪಾತ್ರೆ ಸಿಹಿಯೊಂದಿಗೆ ಗೇಟಿಗೆ ಬಂದದ್ದು ನಿಜ. ಅದು ಇಲ್ಲಿಯೇ ಖರ್ಚಾಯಿತು. ಸಹಿ ಹಾಕಿ ಠಸ್ಸೆ ಒತ್ತಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ ವಾಪಸ್ ಕೊಟ್ಟರು.

"ರುಚಿ ಬಹಳ ಚೆನ್ನಾಗಿತ್ತು ಅಂತಾನೂ ಸೇರಿಸಿ. ಇಲ್ಲದಿದ್ದರೆ ಕಳಪೆ ಅಂಗಡಿಯದು ತಂದಿದ್ದೆ ಅಂದುಕೊಳ್ತಾನೆ."

೩. ಟೋಪಿಯ ಗುರುತು

ಮೇ ತಿಂಗಳು, ಹೊರಗೆ ನಲವತ್ತು ಡಿಗ್ರಿ. ಒಬ್ಬರು ಕಣ್ಣು ಮೂಗು ಬಿಟ್ಟು ಉಳಿದದ್ದೆಲ್ಲ ಮುಚ್ಚುವ ಉಣ್ಣೆಯ ಮಂಕಿ ಕ್ಯಾಪ್ ಹಾಕಿಕೊಂಡು ಬಂದರು. ನಿಲ್ದಾಣದ ಏಸಿಗೆ ಗಂಟಲು ಕಟ್ಟುತ್ತದಂತೆ.

"ಟೋಪಿ ತೆಗೀರಿ, ಮುಖ ನೋಡಬೇಕು."

"ಶೀತ ಆದರೆ ನೀವು ಜವಾಬ್ದಾರಿ ತಗೋತೀರಾ?"

"ತಗೋತೀನಿ, ತೆಗೀರಿ ಮಹಾರಾಯ್ರೇ, ಹಿಂದೆ ಅರವತ್ತು ಜನ ಇದ್ದಾರೆ!"

ತೆಗೆದರು. ಬೋಳುತಲೆ, ಬಿಳಿ ಮೀಸೆ, ಕೆನ್ನೆಯಲ್ಲಿ ಮಚ್ಚೆ. ಗುರುತಿನ ಚೀಟಿ ನೋಡಿದೆ. ಫೋಟೋದಲ್ಲಿ ತಲೆಯೂ ಇಲ್ಲ, ಮೀಸೆಯೂ ಇಲ್ಲ, ಮಚ್ಚೆಯೂ ಇಲ್ಲ. ಅಲ್ಲೂ ಅದೇ ಟೋಪಿ. ಯಾವ ಪುಣ್ಯಾತ್ಮ ಆ ಫೋಟೋ ಒಪ್ಪಿಕೊಂಡನೋ! ನಾನು ತಿರುಗಿಸಿ ಮುರುಗಿಸಿ ನೋಡಿ, ದಾದಾನ ಕೈಗೆ ಕೊಟ್ಟೆ. ದಾದಾ ನಿಧಾನಕ್ಕೆ ಚೀಟಿ ನೋಡಿದರು, ಮನುಷ್ಯನನ್ನು ನೋಡಿದರು, "ಟೋಪಿ ಹಾಕ್ಕೊಳ್ಳಿ" ಅಂದರು. ಹಾಕಿಕೊಂಡರು.

"ಹ್ಞಾಂ, ಈಗ ಇವರೇ ಅವರು. ಬಿಡು."

೪. ಹಿಂದಿನಿಂದ ಕರೆದ ಪಾಪ

ಒಂದು ಮಧ್ಯಾಹ್ನ ದಕ್ಷಿಣೇಶ್ವರದ ಕಡೆಯ ಒಂದು ಕುಟುಂಬ, ಒಂಬತ್ತು ಜನ, ಗೇಟು ದಾಟಿ ವಿಮಾನಕ್ಕೆ ಹೋಗುವ ಓಣಿಯಲ್ಲಿ ನಡೆದರು. ಎಲ್ಲರ ಬಾಯಲ್ಲೂ "ದುಗ್ಗಾ ದುಗ್ಗಾ", ಹೊರಡುವಾಗ ಬಂಗಾಳಿಗಳು ಹೇಳುವ ದೇವಿಯ ಹೆಸರು. ನೋಡ್ತೀನಿ, ಮನೆಯ ಯಜಮಾನರ ಫೋನು ನನ್ನ ಮೇಜಿನ ಮೇಲೇ ಉಳಿದಿದೆ. "ಸರ್! ಓ ಸರ್! ನಿಮ್ಮ ಫೋನು!" ಅಂತ ಕೂಗಿಬಿಟ್ಟೆ.

ಒಂಬತ್ತೂ ಜನ ನಿಂತಲ್ಲೇ ನಿಂತರು. ನನ್ನ ತಪ್ಪು ನನಗೆ ಆಗಲೇ ಹೊಳೆಯಿತು. ಹೊರಟವರನ್ನು ಹಿಂದಿನಿಂದ ಕೂಗಬಾರದು. ನಮ್ಮ ಅವ್ವನೂ ಇದನ್ನೇ ಹೇಳ್ತಾಳೆ, ಆದರೆ ನಮ್ಮಲ್ಲಿ ಒಂದು ಗಳಿಗೆ ನಿಂತು ಮುಂದಕ್ಕೆ ಹೋದರೆ ಮುಗೀತು. ಇವರು ಹಾಗಲ್ಲ. ಒಂಬತ್ತೂ ಜನ ವಾಪಸ್ ಬಂದರು. ಗೇಟಿನ ಹೊರಗಿನ ಕುರ್ಚಿಯಲ್ಲಿ ಸಾಲಾಗಿ ಕೂತರು. ನೀರು ಕುಡಿದರು. "ಹೊಸದಾಗಿ ಹೊರಡಬೇಕು ದೀದಿ, ಐದು ನಿಮಿಷ ಕೂರಲೇಬೇಕು" ಅಂತ ಯಜಮಾನರು ನನಗೇ ಸಮಾಧಾನ ಹೇಳಿದರು. ಉಳಿದಿದ್ದದ್ದೇ ಏಳು ನಿಮಿಷ! ನಾನು ಅವರ ಮುಂದೆ ಅತ್ತಿಂದಿತ್ತ ಇತ್ತಿಂದತ್ತ ಓಡಾಡುತ್ತಿದ್ದೆ. ಐದು ನಿಮಿಷಕ್ಕೆ ಎದ್ದರು, ದುಗ್ಗಾ ದುಗ್ಗಾ ಅಂದರು, ಹೊರಟರು.

ಕುರ್ಚಿಯ ಮೇಲೆ ನೀರಿನ ಬಾಟಲಿ ಉಳಿದಿತ್ತು. ದಾದಾ ಬಾಯಿ ತೆರೆದರು. ನಾನು ಹಾರಿ ಅವರ ಬಾಯಿ ಮುಚ್ಚಿದೆ.

ಅವತ್ತಿನಿಂದ ಯಾರು ಏನು ಬಿಟ್ಟು ಹೋದರೂ ನಾನು ಕೂಗೋದಿಲ್ಲ. ಓಡಿ ಅವರನ್ನು ದಾಟಿ, ಎದುರಿಗೆ ನಿಂತು, ಆಮೇಲೆ ಕರೀತೀನಿ. ಮೊನ್ನೆ ಒಬ್ಬರು, ಇವಳು ಯಾಕೆ ಹೀಗೆ ಓಡ್ತಿದ್ದಾಳೆ, ವಿಮಾನ ಹೋಗಿಬಿಡುತ್ತೇನೋ ಅಂತ ಗಾಬರಿಯಾಗಿ ನನಗಿಂತ ಜೋರಾಗಿ ಓಡಿದರು. ಅವರ ಕನ್ನಡಕ ಇನ್ನೂ ನನ್ನ ಹತ್ತಿರವೇ ಇದೆ.

೫. ನಮ್ಮ ಮನೆಯವರೇ ಇಬ್ಬರು

ಅಂತೂ ತಿಂಗಳ ಕಡೆಯ ದಿನ ಬಂತು, ಶುಕ್ರವಾರ. ಒಂದೂ ವಿಮಾನ ತಡವಾಗಿರಲಿಲ್ಲ. ಇದೊಂದು ದಿನ ದಾಟಿದರೆ ನಾನು ಗೆದ್ದೆ. ಅವತ್ತು ಹನ್ನೆರಡು ಗಂಟೆ ಐದು ನಿಮಿಷದ ಬೆಂಗಳೂರು ವಿಮಾನಕ್ಕೆ ಅಪ್ಪ ಅವ್ವನಿಗೆ ನಾನೇ ಟಿಕೆಟ್ ಮಾಡಿಸಿದ್ದೆ. ಅಲ್ಲಿ ಸಂಬಂಧಿಕರ ಮನೆಯಲ್ಲಿ ಸೀಮಂತ. ನನ್ನ ಗೇಟು, ನನ್ನ ಅಪ್ಪ ಅವ್ವ, ಏನು ತೊಂದರೆ ಬರೋಕೆ ಸಾಧ್ಯ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು!

ನಾವು ಧಾರವಾಡದವರು. ಅಪ್ಪ ರೈಲ್ವೆಯಲ್ಲಿದ್ದವರು, ನೌಕರಿಗೆ ಅಂತ ಬಂದು ಇದೇ ಊರಿನ ಗಾರ್ಡನ್ ರೀಚಿನಲ್ಲೇ ನೆಲೆ ನಿಂತರು. ಮನೆಯ ಗೋಡೆಗೆ ಮಾತ್ರ ಇವತ್ತಿಗೂ ಊರಿಂದ ತರಿಸಿದ ಕನ್ನಡ ಕ್ಯಾಲೆಂಡರೇ ಬೇಕು. ಅದರಲ್ಲಿ ರಾಹುಕಾಲ ನೋಡದೆ ಅಪ್ಪ ಹೊಸ ಚಪ್ಪಲಿಯನ್ನೂ ಮೆಟ್ಟುವುದಿಲ್ಲ. ತಮ್ಮ ಕೈಯಲ್ಲಿದ್ದರೆ ರಾಹುಕಾಲ ಮುಗಿಯುವ ತನಕ ಕಾಯುವವರೂ ಅಲ್ಲ, ಶುರುವಾಗುವ ಮುಂಚೆಯೇ ಎಲ್ಲ ಮುಗಿಸಬೇಕು. ನಮ್ಮ ಮನೆಯಲ್ಲಿ ಒಳ್ಳೆಯ ಕೆಲಸ ಅಂದರೆ "ಲಗೂ, ಲಗೂ, ರಾಹುಕಾಲ ಬಂತು!" ಅಂತ ಎಲ್ಲರೂ ಬಿದ್ದು ಎದ್ದು ಓಡುವುದು.

ಹನ್ನೊಂದೂ ಇಪ್ಪತ್ತಕ್ಕೆ ನೂರ ಎಪ್ಪತ್ತೆಂಟು ಜನ ಒಳಗೆ ಹೋಗಿ ಆಗಿತ್ತು. ಉಳಿದವರು ಇಬ್ಬರೇ. ಎದುರಿನ ಕುರ್ಚಿಯಲ್ಲಿ ಅಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ, ಪಕ್ಕದಲ್ಲಿ ಅವ್ವ ಡಬ್ಬಿ ತೆಗೆದು ಚುರುಮುರಿ ತಿನ್ನುತ್ತಿದ್ದಾಳೆ. ಕೈ ಸನ್ನೆ ಮಾಡಿದೆ. ಅಪ್ಪ ತಿರುಗಿ ಕೈ ಬೀಸಿದರು, ಟಾಟಾ ಮಾಡುವ ಹಾಗೆ. ಓಡಿ ಹೋದೆ.

"ಅಪ್ಪಾ, ಏಳ್ರಿ, ಎಲ್ಲಾರೂ ಹತ್ತಿದ್ರು."

"ಹತ್ತಲಿ. ಶುಕ್ರವಾರ ಹತ್ತೂವರಿಯಿಂದ ಹನ್ನೆರಡರ ತನಕ ರಾಹುಕಾಲ. ನಾವು ಹನ್ನೆರಡು ಹೊಡದ ಮ್ಯಾಲೆ ಹತ್ತತೀವಿ. ಬಿಡೋದು ಹನ್ನೆರಡು ಐದಕ್ಕ ಅಲ್ಲೇನು? ಐದು ಮಿನಿಟು ಭಾಳಾತು."

ಆಗ ನನಗೆ ತಿಳಿಯಿತು. ಈ ಮನುಷ್ಯ ಜೀವಮಾನವೆಲ್ಲ ರೈಲು ನೋಡಿದವರು. ಗಾಡಿ ಅಲುಗುವ ತನಕ ಬಾಗಿಲು ತೆರೆದೇ ಇರುತ್ತದೆ ಅನ್ನುವ ನಂಬಿಕೆಯ ಮೇಲೆ ಲೆಕ್ಕ ಹಾಕಿಕೊಂಡು ಬಂದಿದ್ದಾರೆ!

"ಅಪ್ಪಾ, ಇದು ರೈಲಲ್ಲ. ಹನ್ನೊಂದೂ ನಲವತ್ತಕ್ಕ ನಾ ಗೇಟು ಮುಚ್ಚಬೇಕು."

"ಯಾಕ ಮುಚ್ಚತೀ? ಗೇಟು ನಿಂದ ಅಲ್ಲೇನು?"

"ಮನಿ ಬಿಟ್ಟಿದ್ದು ಏಳು ಗಂಟೆಕ್ಕ. ಆವಾಗ ರಾಹುಕಾಲ ಇರಲಿಲ್ಲಲ್ಲ, ಪ್ರಯಾಣ ಅವಾಗೇ ಸುರು ಆತು."

"ಟ್ಯಾಕ್ಸಿ ಹತ್ತೋದು ಪ್ರಯಾಣ ಅಲ್ಲ. ಗಾಡಿ ಹತ್ತೋದು ಪ್ರಯಾಣ."

ಬಿಟ್ಟು ಮುಚ್ಚಿಬಿಡೋಣ ಅಂದರೆ ಅದೂ ಸಾಧ್ಯವಿಲ್ಲ. ಪ್ರಯಾಣಿಕ ಹತ್ತದಿದ್ದರೆ ಅವರ ಸೂಟ್‌ಕೇಸನ್ನು ವಿಮಾನದ ಹೊಟ್ಟೆಯಿಂದ ಹುಡುಕಿ ಇಳಿಸಬೇಕು, ಅದು ಕಾನೂನು. ಇವರದ್ದು ಎರಡು ಸೂಟ್‌ಕೇಸು, ಎಲ್ಲಕ್ಕಿಂತ ಮೊದಲು ಬಂದವು, ಎಲ್ಲಕ್ಕಿಂತ ತಳದಲ್ಲಿವೆ. ತೆಗೆಯೋಕೆ ಅರ್ಧ ಗಂಟೆ. ಕಾದರೂ ತಡ, ಬಿಟ್ಟರೂ ತಡ. ಎರಡೂ ಕಡೆಯಿಂದ ನನ್ನ ಗೇಟು ಹೋಯಿತು.

"ಅಪ್ಪಾ, ಇವತ್ತ ತಡ ಆದ್ರ ನನ್ನ ಕೆಳಗ ಲಗೇಜ್ ಕೌಂಟರಿಗೆ ಹಾಕ್ತಾರ. ಕೈ ಮುಗೀತೀನಿ, ಏಳ್ರಿ."

"ಹಾಕಲಿ ಬಿಡು. ನೆರಳಾಗಿನ ಕೆಲಸ" ಅಂದರು ಅಪ್ಪ.

ನನಗೆ ಅಳು ಬಂತು. ನಿಜವಾಗಿಯೂ ಬಂತು. ಪಕ್ಕದಲ್ಲಿ ದಾದಾ ಬಂದು ನಿಂತು, ಏನು ವಿಷಯ ಅಂದರು. ಹೇಳಿದೆ. ದಾದಾ ಯೋಚನೆ ಮಾಡಿ, "ಆ ಹೊತ್ತು ಯಾವ ಊರಿನದು?" ಅಂತ ಕೇಳಿದರು.

ಅಯ್ಯೋ ದೇವರೇ! ಕ್ಯಾಲೆಂಡರು ಅಚ್ಚಾಗಿರೋದು ಧಾರವಾಡದ ಕಡೆ. ರಾಹುಕಾಲಕ್ಕೆ ಹಗಲನ್ನು ಎಂಟು ಭಾಗ ಮಾಡಿ ಲೆಕ್ಕ ಹಾಕೋದು, ಅಲ್ಲಿ ಆರಕ್ಕೆ ಸೂರ್ಯ ಹುಟ್ಟುತ್ತಾನೆ ಅಂತ ಹಿಡಿದು. ಇಲ್ಲಿ ಬೇಸಿಗೆಯಲ್ಲಿ ಐದಕ್ಕೇ ಕಿಟಕಿಯಲ್ಲಿ ಬಿಸಿಲು! ವಾಕಿಟಾಕಿ ಎತ್ತಿ ನೇರ ಪೈಲಟ್ಟನ್ನೇ ಕೇಳಿದೆ. "ಕ್ಯಾಪ್ಟನ್, ಇವತ್ತು ಇಲ್ಲಿ ಸೂರ್ಯೋದಯ ಎಷ್ಟಕ್ಕೆ, ಸೂರ್ಯಾಸ್ತ ಎಷ್ಟಕ್ಕೆ?" ಉತ್ತರ ಬಂತು: ನಾಲ್ಕು ಐವತ್ತಾರು, ಆರು ಹನ್ನೆರಡು. "ಏನಾದರೂ ತೊಂದರೆಯೇ?" ಅಂತಾನೂ ಕೇಳಿದರು. "ರಾಹು" ಅಂತ ಹೇಳೋಕಾಗುತ್ತದಾ? "ಪ್ರಯಾಣಿಕರೊಬ್ಬರಿಗೆ ಬೇಕಿತ್ತು" ಅಂದೆ.

ನೆಲದ ಮೇಲೆ ಕೂತು ಚೀಟಿಯ ಹಿಂದೆ ಗೀಚಿದೆ. ಎಂಟರಿಂದ ಭಾಗಿಸು, ಶುಕ್ರವಾರಕ್ಕೆ ನಾಲ್ಕನೇ ಭಾಗ. ಒಂಬತ್ತು ಐವತ್ತೈದರಿಂದ ಹನ್ನೊಂದು ಮೂವತ್ತನಾಲ್ಕು. ಗಡಿಯಾರ ನೋಡಿದೆ: ಹನ್ನೊಂದು ಮೂವತ್ತೈದು!

"ಅಪ್ಪಾ, ಈ ಊರಾಗ ರಾಹುಕಾಲ ಮುಗದು ಒಂದು ಮಿನಿಟಾತು! ನೋಡ್ರಿ!"

ಅಪ್ಪ ಚೀಟಿ ಇಸಕೊಂಡು ಭಾಗಾಕಾರ ಪೂರ್ತಿ ಮತ್ತೊಮ್ಮೆ ಮಾಡಿದರು. ಮಾಡಲಿ, ನಾನು ಉಗುರು ಕಚ್ಚುತ್ತಾ ನಿಂತೆ. "ಬರೋಬ್ಬರಿ ಅದ" ಅಂದರು. "ಸಿಗ್ನಲ್ ಸಿಕ್ಕಾತು. ನಡಿ" ಅಂತ ಎದ್ದು ನಿಂತು ಅಂಗಿ ಜಾಡಿಸಿಕೊಂಡರು. ಹನ್ನೊಂದು ಮೂವತ್ತೇಳು. ನನಗೆ ಹೋದ ಜೀವ ಬಂದಂತಾಯಿತು.

ಅವ್ವ ಮಾತ್ರ ಏಳಲಿಲ್ಲ. ಚುರುಮುರಿಯ ಡಬ್ಬಿ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಹಂಗಾರ ಇಲ್ಲೆ ಶುಕ್ರವಾರದ ರಾಹುಕಾಲ ಹತ್ತೂವರಿಗೆ ಸುರು ಆಗೂದಿಲ್ಲ? ಒಂಬತ್ತೂ ಐವತ್ತೈದಕ್ಕ?"

"ಹೌದವ್ವಾ, ಈಗ ಏಳು."

"ತಡಿ. ಮದಿವಿ ಆಗಿ ನಾ ಈ ಊರಿಗೆ ಬಂದದ್ದು ಇಂಥಾದ್ದೇ ಬ್ಯಾಸಿಗ್ಯಾಗ, ಶುಕ್ರವಾರ. ಹೊಸ್ತಿಲ ಮುಂದ ಬಂದಾಗ ಹತ್ತೂಕಾಲು. ನಾ ಸೆರಗು ಸರಿ ಮಾಡ್ಕೊಳ್ಳಾಕತ್ತಿದ್ದೆ. ಇವರು ಲಗೂ, ಲಗೂ, ಇನ್ನ ಹದಿನೈದು ಮಿನಿಟಿಗೆ ರಾಹುಕಾಲ ಅಂತ ರಟ್ಟಿ ಹಿಡದು ಜಗ್ಗಿದ್ರು. ಆ ಗಡಿಬಿಡಿಯೊಳಗ ಸೇರಕ್ಕಿ ಎಡಗಾಲಿಲೆ ಒದ್ದೆ." ಅವ್ವ ಅಪ್ಪನ ಕಡೆ ತಿರುಗಿದಳು. "ಅಂದ್ರ ನನ್ನ ನೆಟ್ಟಗ ರಾಹುಕಾಲದ ನಡುಮಧ್ಯ ಮನಿ ತುಂಬಿಸ್ಕೊಂಡ್ರಿ. ಮೂವತ್ತಾರು ವರ್ಷ! ನಾನೂ ಅದನ್ನ ಅಂತಿದ್ದೆ, ಎಲ್ಲೆ ತಪ್ಪಿತು, ಎಲ್ಲೆ ತಪ್ಪಿತು ಅಂತ."

ಅಪ್ಪ ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವ ಜಾಯಮಾನವೇ ಅಲ್ಲ. "ರಾಹುಕಾಲದಾಗ ಬಂದೇ ಮೂವತ್ತಾರು ವರ್ಷ ಬಿಡದ ಕೂತೀ. ಛಲೋ ಗಳಿಗ್ಯಾಗ ಬಂದಿದ್ದರ ನನ್ನ ಗತಿ ಏನಾಗತಿತ್ತು?" ಅಂದುಬಿಟ್ಟರು.

ಮುಗೀತು. ಅವ್ವ ಕುರ್ಚಿಯ ಎರಡೂ ಕೈ ಹಿಡಿದುಕೊಂಡು ಕೂತಳು. "ನಾ ಬರೂದಿಲ್ಲ. ಒಬ್ಬರ ಹೋಗ್ರಿ, ನಿಮ್ಮ ಗಳಿಗಿ ಛಲೋ ಅದ."

"ಅವ್ವಾ, ನನ್ನ ಗೇಟು ಹೋಗ್ತದವ್ವಾ!"

"ಹೋಗಲಿ. ನಿನ್ನ ಈ ನೌಕರಿಗೆ ಮೊದಲನೇ ದಿವಸ ಹಂಗ ಲಗೂ ಲಗೂ ಅಂತ ಓಡಿಸಿದವರು ಇವರ. ಅದಕ್ಕ ಇಂಥಾ ಮಂದಿ ಗಂಟು ಬೀಳತಾರ ನಿನಗ."

ಹನ್ನೊಂದು ಮೂವತ್ತೆಂಟು. ಅಪ್ಪ ಎದ್ದು ನಿಂತಿದ್ದವರು ಮತ್ತೆ ಕೂತರು, ಹೆಂಡತಿ ಬಿಟ್ಟು ಹೆಂಗ ಹೋಗಲಿ ಅಂತ. ಹನ್ನೊಂದು ವರ್ಷದಿಂದ "ದಯವಿಟ್ಟು ಸರ್", "ದಯವಿಟ್ಟು ಮ್ಯಾಡಮ್" ಅಂತ ಹಲ್ಲು ಕಚ್ಚಿಕೊಂಡು ಹೇಳಿದ್ದೆಲ್ಲ ಒಟ್ಟಿಗೆ ನನ್ನ ನೆತ್ತಿಗೇರಿತು. ಓಡಿ ಹೋಗಿ ಮೈಕು ಹಿಡಿದೆ. ಗೇಟಿನ ಮೈಕಿನಿಂದ ಕನ್ನಡ ಹೊರಟಿದ್ದು ಅದೇ ಮೊದಲು.

"ಏನ್ ಹಚ್ಚೀರಿ ಇಬ್ಬರೂ? ಹಾಂ? ಮೂವತ್ತಾರು ವರ್ಷದ ಜಗಳ ಇಲ್ಲೇ ಬಗೀಹರೀಬೇಕೇನು? ನೂರ ಎಪ್ಪತ್ತೆಂಟು ಮಂದಿ ಒಳಗ ಕುಂತಾರ, ಅವರಿಗೆ ಮನಿ ಮಾರು ಇಲ್ಲೇನು? ಚುರುಮುರಿ ಡಬ್ಬಿ ಚೀಲದಾಗ ಹಾಕ್ರಿ! ಕಾಲು ಕೆಳಗ ಇಳಸ್ರಿ! ಮೂರು ಎಣಸೂದ್ರಾಗ ಈ ಗೇಟು ದಾಟಿರಬೇಕು. ಇಲ್ಲಂದ್ರ ನಿಮ್ಮಿಬ್ಬರನ್ನೂ ಇದ ಕುರ್ಚಿ ಮ್ಯಾಲೆ ಬಿಟ್ಟು ನಾ ಒಬ್ಬಾಕಿನ ಬೆಂಗಳೂರಿಗೆ ಹೋಗ್ತೀನಿ! ಒಂದು!"

ಎರಡು ಅನ್ನೋ ಅಗತ್ಯ ಬೀಳಲಿಲ್ಲ. ಅಪ್ಪ ಅವ್ವ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಶಾಲೆಯ ಮಕ್ಕಳ ಹಾಗೆ ಓಡಿ ಬಂದು ಪಾಸು ಚಾಚಿದರು. ಅವ್ವ ದಾಟುವಾಗ ಪಿಸುಗುಟ್ಟಿದಳು: "ಬಿಪಿ ಏರಿಸ್ಕೋಬ್ಯಾಡವಾ." ಗೇಟು ಮುಚ್ಚಿದೆ. ಹನ್ನೊಂದು ನಲವತ್ತು.

ತಿರುಗಿ ನೋಡಿದರೆ ಇಡೀ ಹಜಾರ ಎದ್ದು ನಿಂತಿದೆ. ಪಕ್ಕದ ಗೇಟಿನಲ್ಲಿ ಅಷ್ಟು ಹೊತ್ತು ಮುತ್ತಿಕೊಂಡಿದ್ದ ಗುಂಪು ಗೆರೆ ಎಳೆದ ಹಾಗೆ ಒಂದೇ ಸಾಲಾಗಿದೆ. ಯಾರಿಗೂ ಒಂದಕ್ಷರ ಅರ್ಥವಾಗಿರಲಿಲ್ಲ, ಆದರೆ ಎಲ್ಲರೂ ಕಾಲು ಕೆಳಗಿಳಿಸಿದ್ದರು. ಆ ಸಾಲನ್ನು ಸೀಳಿಕೊಂಡು ಮ್ಯಾನೇಜರ್ ಬರುತ್ತಿದ್ದರು. ನಾನು ಮನಸ್ಸಿನಲ್ಲೇ ಲಗೇಜ್ ಕೌಂಟರಿನ ಕುರ್ಚಿ ಒರೆಸಿಕೊಂಡೆ.

ಮ್ಯಾನೇಜರ್ ಗಡಿಯಾರ ನೋಡಿದರು, ಮುಚ್ಚಿದ ಗೇಟು ನೋಡಿದರು, ಪಕ್ಕದ ಗೇಟಿನ ಸಾಲನ್ನು ಬಹಳ ಹೊತ್ತು ನೋಡಿದರು.

"ಇಂಗ್ಲಿಷಿನಲ್ಲಿ ಹೇಳಿದೆವು, ಹಿಂದಿಯಲ್ಲಿ ಹೇಳಿದೆವು, ಬಂಗಾಳಿಯಲ್ಲಿ ಹೇಳಿದೆವು. ಇಷ್ಟು ವರ್ಷದಲ್ಲಿ ಜನ ಹೀಗೆ ನಿಂತದ್ದನ್ನ ನಾನು ನೋಡಿಲ್ಲ" ಅಂದರು. "ನೀವು ಎಲ್ಲಿಗೂ ಹೋಗೋದು ಬೇಡ, ಗೇಟಿನಲ್ಲೇ ಇರಿ. ನಾಳೆ ಬೆಳಿಗ್ಗೆ ಬಂದು ಈಗ ಕೂಗಿದ್ದನ್ನ, ಅದೇನೋ ಚುರುಮುರಿ ಅಂದಿರಲ್ಲ, ಅದರ ಸಮೇತ ಹಾಗ್ಹಾಗೇ ರೆಕಾರ್ಡ್ ಮಾಡಿಕೊಡಿ. ಎಲ್ಲ ಗೇಟಿನಲ್ಲೂ ಹಾಕಿಸ್ತೀನಿ."